ಸಹಿ ಹಾಕಿದ ಮಾತ್ರಕ್ಕೆ ಹಕ್ಕು ಹೋಗದು: ಉದ್ಯೋಗ ಕರಾರು ಮತ್ತು ಕಾರ್ಮಿಕ ಕಾನೂನು

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿರುವ ಸಿದ್ದರಬೆಟ್ಟ ಗುಹಾ ದೇವಾಲಯಕ್ಕೂ ಔಷಧೀಯ ಸಸ್ಯಗಳಿಗೂ ಹೆಸರಾದ ತಾಣ. ಇದರ ಆಸುಪಾಸಿನ ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಕಂದಾಯ ಉಪವಿಭಾಗವಾಗಿದೆ. ಮಳೆ ಕಡಿಮೆ, ಶೇಂಗಾ ಮುಖ್ಯ ಬೆಳೆ. ಬೆಳೆ ಕೈಕೊಟ್ಟ ವರ್ಷ ದುಡಿಮೆ ಅರಸಿ ತುಮಕೂರು, ಬೆಂಗಳೂರಿನತ್ತ ಮುಖ ಮಾಡುವುದು ಇಲ್ಲಿನವರಿಗೆ ಹೊಸದೇನಲ್ಲ. ದುಡಿಯುವವನಿಗೂ ದುಡಿಸಿಕೊಳ್ಳುವವನಿಗೂ ನಡುವಿನ ಕರಾರು ಎಷ್ಟು ಬಗೆಯದ್ದಾಗಿರಬಹುದು ಎಂಬುದನ್ನು ಅರಿಯಲು ಈ ನಾಲ್ಕು ತಾಲ್ಲೂಕುಗಳೇ ಸಾಕು. ಮುಂಗಡ ಸಾಲಕ್ಕೆ ಬಾಯಿಮಾತಿನಲ್ಲೇ ಕಟ್ಟಿಹಾಕುತ್ತಿದ್ದ ಜೀತ ಒಂದು ತುದಿ; ಸೌರ ವಿದ್ಯುತ್ ಪಾರ್ಕಿಗಾಗಿ ಬರೆದುಕೊಂಡ 28 ವರ್ಷಗಳ ಗುತ್ತಿಗೆ ಪತ್ರ ಇನ್ನೊಂದು ತುದಿ.

ಈ ಎರಡರ ನಡುವೆ ನೇಮಕಾತಿ ಪತ್ರವೇ ಇಲ್ಲದೆ ದುಡಿಯುವವರು ಅಸಂಖ್ಯ. ಪತ್ರವಿಲ್ಲದವರಿಗೆ ಹಕ್ಕೂ ಇಲ್ಲ, ಸಹಿ ಹಾಕಿದವರು ಪತ್ರದಲ್ಲಿರುವುದಕ್ಕೆಲ್ಲ ಬದ್ಧರು ಎಂಬ ಭಾವನೆ ಹಳ್ಳಿಯ ಕೂಲಿಕಾರರಲ್ಲೂ ನಗರದ ವಿದ್ಯಾವಂತ ಉದ್ಯೋಗಿಗಳಲ್ಲೂ ಸಾಮಾನ್ಯ. ಎರಡೂ ಪೂರ್ಣ ಸತ್ಯವಲ್ಲ.

ಕರಾರು ಎಂದರೇನು?

ಉದ್ಯೋಗ ಸಂಬಂಧದ ಬುನಾದಿ 1872ರ ಭಾರತೀಯ ಕರಾರು ಅಧಿನಿಯಮ. ಒಬ್ಬರು ಮುಂದಿಟ್ಟ ಪ್ರಸ್ತಾವವನ್ನು ಇನ್ನೊಬ್ಬರು ಸ್ವಇಚ್ಛೆಯಿಂದ ಒಪ್ಪಿ, ಪ್ರತಿಫಲ ನಿಗದಿಯಾಗಿ, ಉದ್ದೇಶ ಕಾನೂನುಬದ್ಧವಾಗಿದ್ದರೆ ಅದು ಕರಾರು. ಎಲ್ಲ ಕರಾರುಗಳೂ ಬರವಣಿಗೆಯಲ್ಲೇ ಇರಬೇಕೆಂದಿಲ್ಲ. 'ನಾಳೆಯಿಂದ ಕೆಲಸಕ್ಕೆ ಬಾ, ತಿಂಗಳಿಗೆ ಇಷ್ಟು ಕೊಡುತ್ತೇನೆ' ಎಂಬ ಮಾತಿಗೂ ಕಾನೂನಿನ ಮಾನ್ಯತೆ ಇದೆ. ಬರವಣಿಗೆಯ ಪ್ರಯೋಜನ ಮುಖ್ಯವಾಗಿ ಸಾಕ್ಷ್ಯದ್ದು.

ಆದರೆ ಉದ್ಯೋಗದ ಕರಾರು ಮನೆ ಮಾರಾಟದ ಕರಾರಿನಂತಲ್ಲ. ಕೆಲಸ ಬೇಕಾದವನಿಗೆ ಚೌಕಾಸಿ ಮಾಡುವ ಶಕ್ತಿ ಕಡಿಮೆ. ಸುಪ್ರೀಂ ಕೋರ್ಟ್ 1986ರಲ್ಲಿ ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್ ಪ್ರಕರಣದಲ್ಲಿ ಇದನ್ನೇ ಎತ್ತಿ ಹಿಡಿಯಿತು. ಮೂರು ತಿಂಗಳ ನೋಟಿಸ್ ಕೊಟ್ಟು, ಕಾರಣ ಹೇಳದೆ ಕಾಯಂ ನೌಕರನನ್ನು ತೆಗೆದುಹಾಕಲು ಅವಕಾಶ ನೀಡಿದ್ದ ಸೇವಾ ನಿಯಮವನ್ನು ಅದು ಅಸಿಂಧುಗೊಳಿಸಿತು. ಬಲದಲ್ಲಿ ಸಮಾನರಲ್ಲದವರ ನಡುವಿನ ಅನ್ಯಾಯದ ಷರತ್ತು ಸಾರ್ವಜನಿಕ ನೀತಿಗೆ ವಿರುದ್ಧ ಎಂಬುದು ತೀರ್ಪಿನ ಸಾರ.

ಇದೇ ಕಾರಣಕ್ಕೆ ಕನಿಷ್ಠ ವೇತನ, ಭವಿಷ್ಯನಿಧಿ, ಉಪದಾನ, ಹೆರಿಗೆ ಸೌಲಭ್ಯ ಮುಂತಾದವುಗಳನ್ನು ಕಾನೂನೇ ಕರಾರಿನೊಳಗೆ ಸೇರಿಸಿದೆ. ಪತ್ರದಲ್ಲಿ ಬರೆದಿರಲಿ, ಬಿಟ್ಟಿರಲಿ, ಅವು ಅನ್ವಯವಾಗುವ ಸಂಸ್ಥೆಗಳಲ್ಲಿ ಇದ್ದೇ ಇರುತ್ತವೆ. ಕರಾರು ಇದಕ್ಕಿಂತ ಹೆಚ್ಚು ಕೊಡಬಹುದು, ಕಡಿಮೆ ಕೊಡುವಂತಿಲ್ಲ.

ಕಾನೂನು ಅಳಿಸಿಹಾಕಿದ ಕರಾರು

ಜೀತವೂ ಮೇಲ್ನೋಟಕ್ಕೆ ಒಂದು ಒಪ್ಪಂದವೇ. ಮದುವೆಗೋ ಕಾಯಿಲೆಗೋ ಪಡೆದ ಮುಂಗಡ, ಅದು ತೀರುವವರೆಗೆ ಧಣಿಯ ಮನೆಯಲ್ಲಿ ದುಡಿಮೆ, ಕೂಲಿ ಬಡ್ಡಿಗೆ ವಜಾ. ಇಂಥ ಒಪ್ಪಂದದಲ್ಲಿ ಸಾಲ ತೀರುವ ದಿನ ಬರುತ್ತಲೇ ಇರಲಿಲ್ಲ. 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1976ರಲ್ಲಿ ಕಾಯ್ದೆಯಾದ ಜೀತಪದ್ಧತಿ ರದ್ದತಿ ಕಾನೂನು ಇಂತಹ ಎಲ್ಲ ಕರಾರುಗಳನ್ನೂ, ಬಾಯಿಮಾತಿನದಾಗಲಿ ಬರವಣಿಗೆಯದಾಗಲಿ, ಶೂನ್ಯವೆಂದು ಸಾರಿತು. ಸಾಲ ಮನ್ನಾ ಆಯಿತು. ಜೀತಕ್ಕೆ ಇಟ್ಟುಕೊಂಡವರಿಗೆ ಮೂರು ವರ್ಷಗಳವರೆಗೆ ಜೈಲು ಶಿಕ್ಷೆ ವಿಧಿಸಲು ಅವಕಾಶವಾಯಿತು.

ಈ ಕಾಯ್ದೆಯ ಒಂದು ಅಂಶ ಗಮನಾರ್ಹ. ಇದು ಜೀತದ ಸಾಲ ಎಂದು ಕಾರ್ಮಿಕ ಹೇಳಿದರೆ, ಅಲ್ಲವೆಂದು ಸಾಬೀತುಪಡಿಸುವ ಹೊಣೆ ಸಾಲ ಕೊಟ್ಟವನದು. ಕಾಗದ ಪತ್ರವಿಲ್ಲದ ಬಡವನಿಗೆ ಇದೇ ದೊಡ್ಡ ಆಸರೆ. ಜೀತಗಾರರ ಪತ್ತೆ ಹಾಗೂ ಪುನರ್ವಸತಿಗೆ ಜಿಲ್ಲಾ ಮತ್ತು ಉಪವಿಭಾಗ ಮಟ್ಟದಲ್ಲಿ ಜಾಗೃತಿ ಸಮಿತಿಗಳಿರಬೇಕೆಂದು ಕಾಯ್ದೆ ಹೇಳುತ್ತದೆ. ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಮಧುಗಿರಿಯ ಉಪವಿಭಾಗಾಧಿಕಾರಿ ಕಚೇರಿ ಮಹತ್ವದ್ದಾಗುವುದು ಇದರಿಂದಲೇ. ಕಾರ್ಮಿಕ ಕಾನೂನುಗಳೆಲ್ಲ ಹೊಸ ಸಂಹಿತೆಗಳಲ್ಲಿ ಸೇರಿಹೋದರೂ ಜೀತ ರದ್ದತಿ ಕಾಯ್ದೆ ಪ್ರತ್ಯೇಕವಾಗಿಯೇ ಉಳಿದಿದೆ.

1982ರ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದಿತು. ಹಸಿವಿನಿಂದ ಒಪ್ಪಿಕೊಂಡದ್ದು ಸ್ವಇಚ್ಛೆಯ ಒಪ್ಪಿಗೆಯಾಗದು ಎಂಬುದು ಇದರ ತಾತ್ಪರ್ಯ.

ಭೂಮಿಗೆ ಪತ್ರ, ದುಡಿಮೆಗೆ?

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ತಲೆಯೆತ್ತಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡು 2019ರ ಅಂತ್ಯಕ್ಕೆ ಪೂರ್ಣ ಸಾಮರ್ಥ್ಯ ತಲುಪಿತು. ಇಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ. 28 ವರ್ಷಗಳ ಗುತ್ತಿಗೆಗೆ ಪಡೆಯಲಾಯಿತು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ ಎಂದು ನಿಗದಿಯಾಯಿತು. ಜಮೀನಿನ ಒಡೆಯನಿಗೆ ಅವಧಿ, ಮೊತ್ತ, ಏರಿಕೆ ಎಲ್ಲವೂ ಬರವಣಿಗೆಯಲ್ಲಿ ದೊರೆತವು.

ಅದೇ ಜಮೀನಿನಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ ಬದುಕುತ್ತಿದ್ದ ಭೂರಹಿತ ಕೂಲಿಕಾರರ ಬಳಿ ಯಾವ ಪತ್ರವೂ ಇರಲಿಲ್ಲ. ಜಮೀನು ಗುತ್ತಿಗೆಗೆ ಹೋದಾಗ ಅವರ ದುಡಿಮೆಯೂ ಹೋಯಿತು. ಬಾಡಿಗೆಯಲ್ಲಿ ಅವರಿಗೆ ಪಾಲಿಲ್ಲ. ಫಲಕಗಳನ್ನು ಒರೆಸುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸಗಳು ಹುಟ್ಟಿಕೊಂಡರೂ ಅವು ಹೆಚ್ಚಾಗಿ ಗುತ್ತಿಗೆದಾರರ ಮೂಲಕ ಸಿಗುವಂಥವು. ಕರಾರು ಇದ್ದವನ ಮತ್ತು ಇಲ್ಲದವನ ಭವಿಷ್ಯ ಹೇಗೆ ಬೇರೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಯಾರು ಉದ್ಯೋಗಿ?

ಹಕ್ಕುಗಳ ಪ್ರಶ್ನೆ ಬಂದಾಗ ಮೊದಲು ಏಳುವ ತಕರಾರು 'ಇವರು ನಮ್ಮ ಉದ್ಯೋಗಿಯೇ ಅಲ್ಲ' ಎಂಬುದು. ನ್ಯಾಯಾಲಯಗಳು ಪತ್ರದಲ್ಲಿನ ಹೆಸರಿಗಿಂತ ವಾಸ್ತವ ಸಂಬಂಧವನ್ನು ನೋಡುತ್ತವೆ. ಕೆಲಸವನ್ನು ಹೇಗೆ ಮಾಡಬೇಕೆಂದು ಯಾರು ನಿರ್ದೇಶಿಸುತ್ತಾರೆ, ಉಪಕರಣ ಯಾರದು, ಕೂಲಿ ಯಾರು ಕೊಡುತ್ತಾರೆ, ಕೆಲಸದಿಂದ ತೆಗೆಯುವ ಅಧಿಕಾರ ಯಾರದು ಎಂಬುವು ಮುಖ್ಯ ಅಳತೆಗೋಲುಗಳು. ಗುಜರಾತಿನ ಉಪ್ಪು ತಯಾರಕರಿಗೆ ಸಂಬಂಧಿಸಿದ 1957ರ ಧ್ರಾಂಗಧ್ರ ಕೆಮಿಕಲ್ ವರ್ಕ್ಸ್ ಪ್ರಕರಣ ಈ ದಾರಿ ಹಾಕಿಕೊಟ್ಟಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಬಂದ ತೀರ್ಪು ಮನೆಯಲ್ಲೇ ಕುಳಿತು ಬೀಡಿ ಕಟ್ಟುವವರಿಗೂ ರಕ್ಷಣೆ ನೀಡಿದ 1966ರ ಕಾಯ್ದೆಯನ್ನು ಎತ್ತಿಹಿಡಿಯಿತು.

ಇದೇ ಪ್ರಶ್ನೆ ಇಂದು ಆಹಾರ ಪೊಟ್ಟಣ ತಲುಪಿಸುವ, ಟ್ಯಾಕ್ಸಿ ಓಡಿಸುವ ಗಿಗ್ ಕಾರ್ಮಿಕರ ವಿಷಯದಲ್ಲಿ ಎದ್ದಿದೆ. ಕಂಪನಿಗಳು ಅವರನ್ನು 'ಪಾಲುದಾರರು' ಎನ್ನುತ್ತವೆ. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆ ಅವರನ್ನು ಉದ್ಯೋಗಿಗಳೆಂದು ಕರೆಯದಿದ್ದರೂ, ಸರಳ ಭಾಷೆಯ ಕರಾರು, ಕೆಲಸದಿಂದ ಕೈಬಿಡುವ ಮುನ್ನ 14 ದಿನಗಳ ನೋಟಿಸ್ ಹಾಗೂ ಕಂಪನಿಗಳಿಂದ ಶೇ 1ರಿಂದ 5ರವರೆಗಿನ ಕಲ್ಯಾಣ ಶುಲ್ಕದ ವ್ಯವಸ್ಥೆ ಮಾಡಿದೆ.

ನಾಲ್ಕು ಸಂಹಿತೆಗಳು

29 ಕೇಂದ್ರ ಕಾರ್ಮಿಕ ಕಾನೂನುಗಳ ಜಾಗದಲ್ಲಿ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ವೇತನ ಸಂಹಿತೆ 2019ರದ್ದು. ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ ಹಾಗೂ ಔದ್ಯೋಗಿಕ ಸುರಕ್ಷತೆ ಸಂಹಿತೆಗಳು 2020ರವು. ಕರಾರಿನ ದೃಷ್ಟಿಯಿಂದ ಮುಖ್ಯವಾದ ಅಂಶಗಳು ಇಂತಿವೆ:

* 10 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಲ್ಲಿ ನೇಮಕಾತಿ ಪತ್ರ ಕಡ್ಡಾಯ.
* ಮಾಸಿಕ ವೇತನವನ್ನು ಮುಂದಿನ ತಿಂಗಳ 7ನೇ ದಿನದೊಳಗೆ ಕೊಡಬೇಕು. ರಾಜೀನಾಮೆ ಕೊಟ್ಟರೂ, ತೆಗೆದುಹಾಕಿದರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು.
* ನಿಗದಿತ ಅವಧಿಗೆ ನೇಮಕಗೊಂಡವರಿಗೆ ಒಂದು ವರ್ಷದ ಸೇವೆಗೇ ಉಪದಾನದ ಹಕ್ಕು. ಉಳಿದವರಿಗೆ ಐದು ವರ್ಷದ ನಿಯಮ ಮುಂದುವರಿದಿದೆ.
* ವೇತನ ಅಥವಾ ಬೋನಸ್ ಕೊಟ್ಟಿಲ್ಲವೆಂಬ ದೂರು ಬಂದರೆ, ಕೊಟ್ಟಿದ್ದೇನೆಂದು ಸಾಬೀತು ಮಾಡುವ ಹೊಣೆ ಮಾಲೀಕನದು.
* ಸಂಹಿತೆಯಂತೆ ಬರಬೇಕಾದ ಹಣವನ್ನು ಬಿಟ್ಟುಕೊಡುತ್ತೇನೆಂದು ಬರೆದುಕೊಟ್ಟ ಕರಾರು ಶೂನ್ಯ.

ಇನ್ನೊಂದು ಮುಖವೂ ಇದೆ. ಗುತ್ತಿಗೆ ಕಾರ್ಮಿಕರಿಗೆ ಸಂಬಂಧಿಸಿದ ಅಧ್ಯಾಯ ಅನ್ವಯವಾಗುವ ಮಿತಿ 20 ಕಾರ್ಮಿಕರಿಂದ 50ಕ್ಕೆ ಏರಿದೆ. ಕಾರ್ಖಾನೆ ಮುಚ್ಚಲು, ಕಾರ್ಮಿಕರನ್ನು ಕಡಿತಗೊಳಿಸಲು ಸರ್ಕಾರದ ಪೂರ್ವಾನುಮತಿ ಬೇಕಾಗುವ ಮಿತಿ 100ರಿಂದ 300ಕ್ಕೆ ಏರಿದೆ. ಉದ್ಯಮಗಳು ಇದನ್ನು ಸ್ವಾಗತಿಸಿದರೆ ಕೇಂದ್ರೀಯ ಕಾರ್ಮಿಕ ಸಂಘಟನೆಗಳು ವಿರೋಧಿಸಿವೆ. ಮೂವತ್ತು ನಲವತ್ತು ಮಂದಿಯನ್ನು ಇಟ್ಟುಕೊಂಡ ಸಣ್ಣ ಗುತ್ತಿಗೆದಾರರ ಕೆಳಗೆ ದುಡಿಯುವವರ ಮೇಲೆ ಈ ಬದಲಾವಣೆಯ ಪರಿಣಾಮ ನೇರವಾದದ್ದು. ಆದರೂ ವೇತನ ಸಂಹಿತೆಯ ಕನಿಷ್ಠ ವೇತನದ ಹಕ್ಕಿಗೆ ಇಂತಹ ಸಂಖ್ಯಾ ಮಿತಿ ಇಲ್ಲವೆಂಬುದನ್ನು ನೆನಪಿಡಬೇಕು.

ಗುತ್ತಿಗೆದಾರ ಕೈ ಎತ್ತಿದರೆ?

ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮುಖ್ಯ ಸಂಸ್ಥೆ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಹಣ ಕೊಟ್ಟು, ಅದನ್ನು ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳುವುದು ಅದರ ಕೆಲಸ. ಈ ಹೊಣೆಯನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಕೋಲಾರ ಜಿಲ್ಲೆಯ ನರಸಾಪುರ ತೋರಿಸಿತು. ಅಲ್ಲಿನ ವಿಸ್ಟ್ರಾನ್ ಘಟಕದಲ್ಲಿ 2020ರ ಡಿಸೆಂಬರ್ 12ರಂದು ವೇತನ ಬಾಕಿಯ ಸಿಟ್ಟು ಹಿಂಸಾಚಾರಕ್ಕೆ ತಿರುಗಿತು. ಕಾರ್ಮಿಕರಲ್ಲಿ ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ವೇತನ ಪಾವತಿಯಾಗಿಲ್ಲವೆಂದು ಕಂಪನಿಯೇ ನಂತರ ಒಪ್ಪಿಕೊಂಡಿತು.

ಗುತ್ತಿಗೆ ಕೇವಲ ತೋರಿಕೆಯದಾಗಿದ್ದರೆ ಕಾರ್ಮಿಕರನ್ನು ಮುಖ್ಯ ಸಂಸ್ಥೆಯ ಉದ್ಯೋಗಿಗಳೆಂದೇ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 2001ರ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. ಸರ್ಕಾರಿ ಕಚೇರಿಗಳ ಮಾತು ಬೇರೆ. ನಿಯಮಬದ್ಧ ನೇಮಕಾತಿ ಇಲ್ಲದೆ ಬಂದ ತಾತ್ಕಾಲಿಕ ನೌಕರರು ಕಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲವೆಂದು ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ನಡುವಿನ ಪ್ರಕರಣದಲ್ಲಿ 2006ರಲ್ಲಿ ತೀರ್ಪಾಯಿತು. ಆ ತೀರ್ಪನ್ನು ದೀರ್ಘಕಾಲ ದುಡಿಸಿಕೊಂಡು ಕೈಬಿಡುವುದಕ್ಕೆ ನೆಪ ಮಾಡಿಕೊಳ್ಳಬಾರದೆಂದು 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಕೋರ್ಟ್ ಎಚ್ಚರಿಸಿತು.

ಬಾಂಡ್ ಮತ್ತು ನೋಟಿಸ್

ಕೆಲಸ ಬಿಟ್ಟ ಮೇಲೆ ಇಂತಿಷ್ಟು ವರ್ಷ ಪ್ರತಿಸ್ಪರ್ಧಿ ಸಂಸ್ಥೆ ಸೇರಬಾರದೆಂಬ ಷರತ್ತು ನಗರದ ಉದ್ಯೋಗಿಗಳಿಗೆ ಪರಿಚಿತ. ಕರಾರು ಅಧಿನಿಯಮದ 27ನೇ ಪ್ರಕರಣದಂತೆ ವೃತ್ತಿಗೆ ತಡೆಯೊಡ್ಡುವ ಇಂತಹ ಷರತ್ತು ಸಾಮಾನ್ಯವಾಗಿ ಶೂನ್ಯ. ಆದರೆ ಸೇವಾವಧಿಯ ಬಾಂಡ್ ಬೇರೆ ವಿಷಯ. ಮೂರು ವರ್ಷ ಪೂರೈಸದೆ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಕರ್ನಾಟಕ ಹೈಕೋರ್ಟ್ ಒಪ್ಪಿರಲಿಲ್ಲ. ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಅದನ್ನು ಸಿಂಧುವೆಂದಿತು. ಸಾರ್ವಜನಿಕ ವಲಯದ ಬ್ಯಾಂಕಿಗೆ ಹೊಸ ನೇಮಕಾತಿಯ ವೆಚ್ಚ ಬೀಳುತ್ತದೆ ಎಂಬುದು ಕೊಟ್ಟ ಕಾರಣಗಳಲ್ಲೊಂದು. ಎಲ್ಲ ಖಾಸಗಿ ಬಾಂಡುಗಳಿಗೂ ಇದು ಪರವಾನಗಿ ಎಂದು ಭಾವಿಸುವಂತಿಲ್ಲ; ಮೊತ್ತ ಮತ್ತು ಅವಧಿ ನ್ಯಾಯಯುತವಾಗಿರಬೇಕು.

ಅಂಗಡಿ, ಕಚೇರಿಗಳಲ್ಲಿ ದುಡಿಯುವವರಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ರಕ್ಷಣೆ ಇದೆ. ಆರು ತಿಂಗಳು ನಿರಂತರ ಸೇವೆ ಸಲ್ಲಿಸಿದವರನ್ನು ಸಮಂಜಸ ಕಾರಣ ಹಾಗೂ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ವೇತನ ಇಲ್ಲದೆ ತೆಗೆಯುವಂತಿಲ್ಲ. ದುರ್ನಡತೆಯ ಆರೋಪವಿದ್ದರೆ ವಿಚಾರಣೆ ನಡೆಸಬೇಕು.

ಕೈಯಲ್ಲಿ ಇರಬೇಕಾದದ್ದು

ಕಾನೂನು ಹಕ್ಕು ಕೊಟ್ಟರೂ ಕೆಲಸ ಮಾಡಿದ್ದೇನೆಂದು ತೋರಿಸಬೇಕಾದ ಮೊದಲ ಹೆಜ್ಜೆ ಕಾರ್ಮಿಕನದೇ. ನೇಮಕಾತಿ ಪತ್ರವಿಲ್ಲದಿದ್ದರೆ ಗುರುತಿನ ಚೀಟಿ, ವೇತನ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಜಮಾ ನಮೂದು, ಪಿಎಫ್ ಮತ್ತು ಇಎಸ್‌ಐ ಸಂಖ್ಯೆ, ಹಾಜರಾತಿಯ ಛಾಯಾಚಿತ್ರ, ಮೇಸ್ತ್ರಿ ಕಳುಹಿಸಿದ ಮೊಬೈಲ್ ಸಂದೇಶ ಇವೆಲ್ಲವೂ ಸಾಕ್ಷ್ಯವಾಗಬಲ್ಲವು. ಖಾಲಿ ಕಾಗದಕ್ಕೆ ಸಹಿ ಹಾಕಬಾರದು. ಸಹಿ ಮಾಡಿದ ಪ್ರತಿ ಪತ್ರದ ಒಂದು ನಕಲು ಪಡೆಯಬೇಕು. ವೇತನದ ಬಾಕಿ ಕೇಳಲು ವೇತನ ಸಂಹಿತೆಯಲ್ಲಿ ಮೂರು ವರ್ಷಗಳ ಕಾಲಾವಕಾಶವಿದೆ.

ಮೊದಲ ದೂರು ಕಾರ್ಮಿಕ ಇಲಾಖೆಯ ಕಚೇರಿಗೆ, ಜೀತದ ಸಂಗತಿಯಾದರೆ ಉಪವಿಭಾಗಾಧಿಕಾರಿಗೆ. ವಕೀಲರ ಶುಲ್ಕ ಭರಿಸಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಹಾಗೂ ಬಿಟ್ಟಿ ದುಡಿಮೆಗೆ ಬಲಿಯಾದವರು ಉಚಿತ ನೆರವಿಗೆ ಅರ್ಹರು. ಸಹಾಯವಾಣಿ ಸಂಖ್ಯೆ 15100.