ಖಾತೆ ಅಳಿದ ಮೇಲೆ ಉಳಿಯುವ ಗುಂಪು

ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದಾಗ, ಮೈಸೂರು ರಾಜ್ಯದ ಊರುಗಳಲ್ಲಿ ಶಾನುಭೋಗಿಕೆ ಕೊನೆಗೊಂಡಿತಾದರೂ ಲೆಕ್ಕಪತ್ರಗಳು ಉಳಿದು ಗ್ರಾಮಲೆಕ್ಕಿಗರ ವಶಕ್ಕೆ ಬಂದವು. ಅಧಿಕಾರಿ ಹೋದ ಮೇಲೆ ಅವನ ಸುಪರ್ದಿನಲ್ಲಿದ್ದುದು ಯಾರಿಗೆ ಸೇರಬೇಕೆಂಬುದನ್ನು ಅಲ್ಲಿ ಸರ್ಕಾರವೇ ತೀರ್ಮಾನಿಸಿತು. ಆ ದಶಕದ ಕೊನೆಗೆ, 1969ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಕಟ್ಟತೊಡಗಿದ ಯುನಿಕ್ಸ್, ಅಂದರೆ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸಲು ಅನುವಾಗಿಸುವ ವ್ಯವಸ್ಥೆ, ಇಂಥ ಪ್ರಶ್ನೆಯನ್ನು ಬಹುಕಾಲ ಯಂತ್ರದ ಮೇಲ್ವಿಚಾರಕನ ಎಚ್ಚರಕ್ಕೇ ಬಿಟ್ಟಿತ್ತು.

ಯುನಿಕ್ಸಿನಲ್ಲಿ ಬಳಕೆದಾರರ ವಿವರ ಪಾಸ್‌ವರ್ಡ್ ಕಡತದಲ್ಲಿಯೂ, ಒಂದೇ ಕೆಲಸದ ಕಡತಗಳನ್ನು ಹಂಚಿಕೊಳ್ಳುವವರ ಕೂಟವಾದ ಗುಂಪಿನ ವಿವರ ಇನ್ನೊಂದು ಕಡತದಲ್ಲಿಯೂ ಇರುತ್ತದೆ. ಬಳಕೆದಾರನ ಪ್ರಧಾನ ಗುಂಪು ಮೊದಲನೆಯದರಲ್ಲಿ ಸಂಖ್ಯೆಯಾಗಿ ದಾಖಲಾದರೆ, ಅವನು ಸೇರಿರುವ ಇತರ ಗುಂಪುಗಳ ಸಾಲಿನಲ್ಲಿ ಅವನ ಹೆಸರೇ ಇರುತ್ತದೆ. ಡಿಸ್ಕಿನಲ್ಲಿರುವ ಪ್ರತಿ ಕಡತವಾದರೋ ಒಡೆಯನನ್ನೂ ಗುಂಪನ್ನೂ ಸಂಖ್ಯೆಯಿಂದ ಮಾತ್ರ ಗುರುತಿಸುತ್ತದೆ. 1975ರ ಆರನೆಯ ಆವೃತ್ತಿಯಲ್ಲಿ ಈ ಎರಡು ಸಂಖ್ಯೆಗಳಿಗೂ ತಲಾ ಒಂದೇ ಬೈಟ್ ಜಾಗವಿದ್ದುದರಿಂದ 0ಯಿಂದ 255ರವರೆಗಿನ ಸಂಖ್ಯೆಗಳಷ್ಟೇ ದೊರೆಯುತ್ತಿದ್ದವು. ತೆರವಾದ ಸಂಖ್ಯೆಯನ್ನು ಮತ್ತೊಬ್ಬರಿಗೆ ಕೊಡುವ ಪ್ರಲೋಭನೆ ಸಹಜವಾಗಿತ್ತು.

ಆಗ ಬಳಕೆದಾರನ ಖಾತೆಯನ್ನು ತೆಗೆದುಹಾಕುವುದೆಂದರೆ ಪಾಸ್‌ವರ್ಡ್ ಕಡತದ ಒಂದು ಸಾಲನ್ನು ಕೈಯಾರೆ ಅಳಿಸುವುದು. ಗುಂಪಿನ ಕಡತವನ್ನು ತೆರೆದು ಹೆಸರನ್ನು ಹೊಡೆದುಹಾಕಲು ಮರೆತರೆ ಆ ಹೆಸರು ಅಲ್ಲಿಯೇ ಉಳಿದು, ಮುಂದೆಂದಾದರೂ ಅದೇ ಲಾಗಿನ್ ಹೆಸರಿನಲ್ಲಿ ಬಂದ ಹೊಸಬನಿಗೆ ಹಳಬನ ಗುಂಪಿನ ಹಕ್ಕುಗಳು ತಾವಾಗಿ ಒದಗುತ್ತಿದ್ದವು. ಹಳಬನ ಸಂಖ್ಯೆಯನ್ನು ಪಡೆದವನಾದರೋ ಅವನ ಕಡತಗಳಿಗೇ ಒಡೆಯನಾಗುತ್ತಿದ್ದನು. ಎರಡೂ ಸದ್ದಿಲ್ಲದೆ ನಡೆಯುವ ಪ್ರಮಾದಗಳೆಂಬುದೇ ಇವುಗಳ ಅಪಾಯವನ್ನು ಹೆಚ್ಚಿಸಿತು.

ಮುಂದೆ ಬಂದ ಯೂಸರ್‌ಡೆಲ್ ಎಂಬ ಆಜ್ಞೆ ಖಾತೆಯೊಡನೆ ಗುಂಪುಗಳಲ್ಲಿರುವ ಹೆಸರನ್ನೂ ತೆಗೆಯುತ್ತದೆ. ಯುನಿಕ್ಸ್ ಮಾದರಿಯ ಲಿನಕ್ಸ್ ವ್ಯವಸ್ಥೆಯನ್ನು ವಿತರಿಸುವ ರೆಡ್ ಹ್ಯಾಟ್ ಸಂಸ್ಥೆ ರೂಢಿಗೆ ತಂದಂತೆ ಪ್ರತಿ ಬಳಕೆದಾರನಿಗೂ ಅವನದೇ ಹೆಸರಿನ ಖಾಸಗಿ ಗುಂಪಿರುವ ಕಡೆ, ಅದರಲ್ಲಿ ಬೇರೆ ಸದಸ್ಯರಿಲ್ಲದಿದ್ದರೆ ಅದನ್ನೂ ಅಳಿಸುತ್ತದೆ. ಮತ್ತೊಬ್ಬನಿಗೆ ಅದೇ ಪ್ರಧಾನ ಗುಂಪಾಗಿದ್ದರೆ ಉಳಿಸುತ್ತದೆ. ಆದರೆ ಬಳಕೆದಾರನ ಸ್ವಂತ ಕಡತಗಳಿರುವ ಮನೆಕೋಶದ ಹೊರಗೆ ಚದುರಿದ ಅವನ ಕಡತಗಳನ್ನು ಅದು ಮುಟ್ಟುವುದಿಲ್ಲ. ಲಿನಕ್ಸಿನಲ್ಲಿ ಹೊಸ ಖಾತೆಗೆ ಸಾಮಾನ್ಯವಾಗಿ ಇರುವ ಸಂಖ್ಯೆಗಳಿಗಿಂತ ಮುಂದಿನದೇ ಸಿಗುವುದರಿಂದ, ಕೊನೆಯದಾಗಿ ಸೇರಿದವನ ಖಾತೆಯನ್ನು ಅಳಿಸಿದೊಡನೆ ಮತ್ತೊಬ್ಬನನ್ನು ಸೇರಿಸಿದರೆ ಹಳೆಯ ಸಂಖ್ಯೆಯೇ ಅವನ ಪಾಲಾಗುತ್ತದೆ. ಆದುದರಿಂದ ಅನುಭವಿಗಳು ಮೊದಲು ಖಾತೆಗೆ ಬೀಗ ಹಾಕಿ, ಫೈಂಡ್ ಆಜ್ಞೆಯಿಂದ ಆ ಸಂಖ್ಯೆಯ ಕಡತಗಳನ್ನೆಲ್ಲ ಹುಡುಕಿ, ಉಳಿಯಬೇಕಾದವನ್ನು ಗುಂಪಿನ ಮತ್ತೊಬ್ಬ ಸದಸ್ಯನಿಗೆ ವಹಿಸಿದ ಬಳಿಕವೇ ಅಳಿಸುತ್ತಾರೆ.