ಮಾನೆಯ ‘ಲೋಲಾ ದ ವಲಾಂಸ್’: ಒಂದು ಭಾವಚಿತ್ರದ ಎರಡು ಅವಸ್ಥೆಗಳು

ಫ್ರೆಂಚ್ ಕಲಾವಿದ ಎದುವಾರ್ ಮಾನೆ (1832–1883) 1862ರಲ್ಲಿ ರಚಿಸಿದ ‘ಲೋಲಾ ದ ವಲಾಂಸ್’ ತೈಲಚಿತ್ರವು ಪ್ಯಾರಿಸ್ಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು 123 ಸೆಂ.ಮೀ. ಎತ್ತರ, 92 ಸೆಂ.ಮೀ. ಅಗಲದ ಈ ಚಿತ್ರದಲ್ಲಿ ಸ್ಪೇನಿನ ನರ್ತಕಿಯೊಬ್ಬಳು ಬೀಸಣಿಗೆ ಹಿಡಿದು ರಂಗದ ಪಕ್ಕಪರದೆಗಳ ಹಿಂದೆ ನಿಂತಿದ್ದಾಳೆ. ಬಲ ಅಂಚಿನಲ್ಲಿ ಪ್ರೇಕ್ಷಕರು ಮಸುಕಾಗಿ ಕಾಣುತ್ತಾರೆ. ರಂಗಪ್ರವೇಶಕ್ಕೆ ಕಾದಿರುವ ಕ್ಷಣವೆಂದು ಇದನ್ನು ವರ್ಣಿಸುವುದು ವಾಡಿಕೆ. ಆದರೆ 1863ರಲ್ಲಿ ಮಾರ್ತಿನೆ ಚಿತ್ರಶಾಲೆಯಲ್ಲಿ ಇದನ್ನು ನೋಡಿದವರಿಗೆ ಈ ರಂಗವೇ ಕಂಡಿರಲಿಲ್ಲ.

1862ರಲ್ಲಿ ಮಾರಿಯಾನೊ ಕಾಂಪ್ರುಬಿಯ ನೇತೃತ್ವದ ಮ್ಯಾಡ್ರಿಡ್ ನೃತ್ಯತಂಡವೊಂದು ಪ್ಯಾರಿಸ್ಸಿನ ಹಿಪ್ಪೊಡ್ರೋಮಿನಲ್ಲಿ ಪ್ರದರ್ಶನ ನೀಡಿತು. ಅದರ ಪ್ರಧಾನ ನರ್ತಕಿ ಲೋಲಾ ಮೆಲೆಯಾ. ‘ಲೋಲಾ ದ ವಲಾಂಸ್’ ಆಕೆಯ ರಂಗನಾಮ. ಮಾನೆ ಸ್ಪೇನನ್ನು ಕಂಡದ್ದು 1865ರಲ್ಲಿ, ಅಂದರೆ ಮೂರು ವರ್ಷಗಳ ತರುವಾಯ. ಅಲ್ಲಿಯವರೆಗೆ ಅವನು ಬಲ್ಲ ಸ್ಪೇನ್ ಪ್ಯಾರಿಸ್ಸಿಗೆ ಬಂದ ಚಿತ್ರಗಳದು, ಪ್ರವಾಸಿ ಕಲಾವಿದರದು. ಈ ನರ್ತಕರನ್ನು ಅವನು ಚಿತ್ರಿಸಿದ್ದಾದರೂ ಮಿತ್ರ ಆಲ್ಫ್ರೆಡ್ ಸ್ಟೀವನ್ಸನ ಕಲಾಶಾಲೆಯಲ್ಲಿ ನಿಲ್ಲಿಸಿ. ಆದ್ದರಿಂದ ಇಲ್ಲಿನ ಉಡುಗೆಯನ್ನು ಸ್ಪೇನಿನ ಜನಜೀವನದ ದಾಖಲೆಯೆಂದು ಓದುವುದು ದುಡುಕಾದೀತು; ಅದು ರಂಗದ ಉಡುಗೆ.

ಹಿನ್ನೆಲೆಯ ಪ್ರಶ್ನೆಗೆ ಮುಖ್ಯ ಆಕರವೆಂದರೆ ಮಾನೆಯೇ ಇದೇ ಆಕೃತಿಯನ್ನು ಆಧರಿಸಿ ಮಾಡಿದ, 1863ರಲ್ಲಿ ಪ್ರಕಟವಾದ ಆಮ್ಲಕೊರೆತದ ಮುದ್ರಣಚಿತ್ರ. ಅದರಲ್ಲಿ ಪರದೆಯಿಲ್ಲ, ಪ್ರೇಕ್ಷಕರಿಲ್ಲ. ಬರಿದಾದ ಹಿನ್ನೆಲೆಯ ಮುಂದೆ ಲೋಲಾ ಒಬ್ಬಳೇ. ತೈಲಚಿತ್ರದ ರಂಗವು ಕಲಾವಿದನ ಕೈಯಿಂದಲೇ ಆದ ಅನಂತರದ ಸೇರ್ಪಡೆ. ಮುದ್ರಣಪ್ರತಿಗಳನ್ನು ಮೂಲದ ನೆರಳೆಂದು ಬದಿಗಿಡುವ ನಮ್ಮ ಅಭ್ಯಾಸ ಇಲ್ಲಿ ತಪ್ಪುದಾರಿಗೆಳೆಯುತ್ತದೆ: ಮೂಲವು ಬದಲಾಗಿದೆ, ಪ್ರತಿಯು ಹಳೆಯದನ್ನು ಉಳಿಸಿಕೊಂಡಿದೆ.

ಈ ವ್ಯತ್ಯಾಸ ಅಲ್ಪವಲ್ಲ. ರಂಗ ಸೇರಿದ ಮೇಲೆ ಆಕೆಯ ನಿಲುವಿಗೆ ಕಾರಣವೊಂದು ದೊರೆಯುತ್ತದೆ, ಚಿತ್ರವು ಕಥೆಯಾಗುತ್ತದೆ. ಮೊದಲ ಅವಸ್ಥೆಯಲ್ಲಿ ಅಂತಹ ಆಸರೆಯಿರಲಿಲ್ಲ. ನರ್ತಕಿ ಕುಣಿಯುತ್ತಿಲ್ಲ, ಪಾದಗಳು ಮಾತ್ರ ನೃತ್ಯಶಿಕ್ಷಣದ ನೆನಪನ್ನು ಹಿಡಿದಿವೆ. ಗೋಯಾನ ಆಲ್ಬಾ ಡಚೆಸ್ಸಳ ಭಾವಚಿತ್ರದೊಡನೆ ಈ ಭಂಗಿಯನ್ನು ಹೋಲಿಸುವುದುಂಟು. ಹೋಲಿಕೆ ತಕ್ಕದ್ದೇ, ಆದರೆ ಗೋಯಾನ ಡಚೆಸ್ ಆಜ್ಞಾಪಿಸುತ್ತಾಳೆ, ಲೋಲಾ ಸುಮ್ಮನೆ ನಿಲ್ಲುತ್ತಾಳೆ. ಕಪ್ಪು ಲಂಗದ ಮೇಲೆ ಚೆಲ್ಲಿದ ಕೆಂಪು, ಹಸಿರು, ಹಳದಿಗಳೇ ಅಲ್ಲಿ ನರ್ತಿಸುವಂಥವು. ಆ ಕಾಲದ ವಿಮರ್ಶಕರಲ್ಲಿ ಪಾಲ್ ಮಾಂಟ್ಸ್ ಮುಂತಾದವರಿಗೆ ಸಹಿಸಲಾಗದೆ ಹೋದದ್ದೂ ಈ ಬಣ್ಣಗಳೇ.

ಕವಿ ಬೋದಲೇರ್ ಲೋಲಾಳನ್ನು ಕುರಿತು ಬರೆದ ನಾಲ್ಕು ಸಾಲುಗಳು ಆ ಮುದ್ರಣಚಿತ್ರದ ಕೆಳಗೆ ಅಚ್ಚಾದವು. ಈಗ ತೈಲಚಿತ್ರದ ಪಕ್ಕದಲ್ಲಿಟ್ಟು ಓದಲಾಗುವ ಆ ಸಾಲುಗಳು ಹುಟ್ಟಿದ್ದು, ಪರದೆಗಳಿಲ್ಲದ ಲೋಲಾಳ ಎದುರಿನಲ್ಲಿ.