ಸ್ನೇಕ್ ಪ್ಲಾಂಟ್ ಇದ್ದರೆ ಮನೆ ಹತ್ತಿರ ಹಾವು ಬರುವುದಿಲ್ಲವೇ?

‘ಅಂಗಳದಲ್ಲಿ ಸ್ನೇಕ್ ಪ್ಲಾಂಟ್ ನೆಡಿ, ಹಾವು ಹತ್ತಿರ ಸುಳಿಯುವುದಿಲ್ಲ. ರಾತ್ರಿಯೂ ಆಮ್ಲಜನಕ ಕೊಡುವ ಗಿಡ ಇದು’ ಎನ್ನುವ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತದೆ. ಯಾದಗಿರಿ, ಶಹಾಪುರ, ಸುರಪುರದ ಕಡೆ ಹೊಲಕ್ಕೆ ಹತ್ತಿರದ ಮನೆಗಳಲ್ಲಿ ಹಾವಿನ ಭಯ ನಿಜವಾದದ್ದು. ಹಾಗಾಗಿ ಈ ಮಾತನ್ನು ನಂಬಿ ನಿಶ್ಚಿಂತೆಯಿಂದ ಇರಬಹುದೇ ಎಂದು ನೋಡೋಣ.

ಇರುವಂತಿಲ್ಲ. ಎಲೆಯ ಮೇಲೆ ಹಾವಿನ ಮೈಯಂಥ ಅಡ್ಡಪಟ್ಟೆ ಇರುವುದರಿಂದ ಈ ಗಿಡಕ್ಕೆ ಆ ಹೆಸರು ಬಂತು, ಅಷ್ಟೇ. ಹಾವನ್ನು ಓಡಿಸುವ ಗುಣ ಇದಕ್ಕಿದೆ ಎನ್ನಲು ಆಧಾರವಿಲ್ಲ. ಹಾವು ಬರುವುದು ಇಲಿ, ಕಪ್ಪೆ ಹುಡುಕಿಕೊಂಡು, ಇಲ್ಲವೇ ಬೇಸಿಗೆಯಲ್ಲಿ ತಂಪು ಹುಡುಕಿಕೊಂಡು. ಬಚ್ಚಲ ನೀರು ಹರಿಯುವ ಕಡೆ ಇದನ್ನೇ ಒತ್ತಾಗಿ ಬೆಳೆಸಿದರೆ ಹಾವಿಗೆ ಅಡಗುವ ಜಾಗ ಮಾಡಿಕೊಟ್ಟಂತೆ.

ರಾತ್ರಿಯ ಆಮ್ಲಜನಕದ ಮಾತು ಅರ್ಧ ಸತ್ಯ. ಹೆಚ್ಚಿನ ಗಿಡಗಳು ಎಲೆಯ ಸಣ್ಣ ರಂಧ್ರಗಳನ್ನು ಹಗಲು ತೆರೆಯುತ್ತವೆ. ಸ್ನೇಕ್ ಪ್ಲಾಂಟ್ ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಹೀರಿಟ್ಟುಕೊಳ್ಳುತ್ತದೆ. ಆದರೆ ಆಮ್ಲಜನಕ ತಯಾರಾಗಲು ಬೆಳಕು ಬೇಕೇ ಬೇಕು, ಕತ್ತಲಲ್ಲಿ ಅದು ಆಗದು. ಗಾಳಿ ಶುದ್ಧವಾಗುತ್ತದೆ ಎನ್ನುವವರು ನಾಸಾದ 1989ರ ಅಧ್ಯಯನ ತೋರಿಸುತ್ತಾರೆ. ಅದು ಮುಚ್ಚಿದ ಪೆಟ್ಟಿಗೆಯೊಳಗೆ ಮಾಡಿದ ಪ್ರಯೋಗ. ಇಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತೆ ಲೆಕ್ಕ ಹಾಕಿದರು. ಕಿಟಕಿ ಬಾಗಿಲಿನಿಂದ ಆಡುವ ಗಾಳಿಯಷ್ಟು ಕೆಲಸ ಗಿಡಗಳಿಂದ ಆಗಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು! ಅದಕ್ಕಿಂತ ಕಿಟಕಿ ತೆರೆಯುವುದು ಅಗ್ಗ.

ಹಾಗಂತ ಗಿಡ ಬೇಡವೆಂದಲ್ಲ. ಹಗಲು ರಂಧ್ರ ಮುಚ್ಚಿಕೊಳ್ಳುವ ಆ ಗುಣದಿಂದಲೇ ಅದು ನೀರು ಉಳಿಸುತ್ತದೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಈ ಭಾಗದಲ್ಲಿ ವರ್ಷವಿಡೀ ಹಸಿರಾಗಿ ಉಳಿಯುವ ಎಲೆಗಿಡ ಬೇಕೆಂದರೆ ನಮ್ಮ ಮೊದಲ ಆಯ್ಕೆ ಇದೇ. ಬೇವಿನ ಮರದ ಅರೆನೆರಳು, ಇಲ್ಲವೇ ಬೆಳಗಿನ ಬಿಸಿಲು ಮಾತ್ರ ಬೀಳುವ ಪೂರ್ವದ ಗೋಡೆಯ ಬದಿ ಇದಕ್ಕೆ ಒಳ್ಳೆಯದು. ಪಡುವಣ ಗೋಡೆಯ ಹತ್ತಿರ ಇಟ್ಟರೆ ಮಧ್ಯಾಹ್ನದ ಬಿಸಿಲಿಗೆ ಎಲೆ ಸುಟ್ಟಂತಾಗುತ್ತದೆ.

ಈ ಗಿಡ ಬಿಸಿಲಿಗಿಂತ ಹೆಚ್ಚಾಗಿ ಸಾಯುವುದು ನೀರಿನಿಂದ. ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ಗಡ್ಡೆ ಕೊಳೆಯುತ್ತದೆ. ಬರೀ ಎರೆಮಣ್ಣು ತುಂಬಬೇಡಿ. ಮಸಾರಿ ಮಣ್ಣು, ದಪ್ಪ ಮರಳು, ಸ್ವಲ್ಪ ಹಳೆಯ ಗೊಬ್ಬರ ಬೆರೆಸಿ, ತಳದಲ್ಲಿ ತೂತಿರುವ ಕುಂಡಕ್ಕೆ ಹಾಕಿ. ಮಣ್ಣಿನಲ್ಲಿ ಎರಡು ಬೆರಳು ಇಳಿಸಿ ನೋಡಿ, ಪೂರಾ ಒಣಗಿದ್ದರೆ ಮಾತ್ರ ನೀರು ಕೊಡಿ. ಹಳದಿ ಅಂಚಿನ ತಳಿಯನ್ನು ಎಲೆ ಕತ್ತರಿಸಿ ನೆಟ್ಟರೆ ಹೊಸ ಗಿಡದಲ್ಲಿ ಆ ಅಂಚು ಬರುವುದಿಲ್ಲ. ಪಕ್ಕದ ಮನೆಯವರಿಂದ ಬೇರುಗಡ್ಡೆ ಸಮೇತ ಒಂದು ಮರಿ ಕೇಳಿ ತನ್ನಿ. ಇದರ ಎಲೆ ತಿಂದರೆ ವಾಂತಿ, ಭೇದಿ ಆಗಬಹುದು, ಮಕ್ಕಳಿಗೂ ನಾಯಿ, ಬೆಕ್ಕಿಗೂ ಎಟುಕದಂತೆ ಇಡಿ.

ಹಾವಿನ ಮಟ್ಟಿಗೆ ಮಾಡಬೇಕಾದ್ದು ಬೇರೆಯೇ ಇದೆ. ಕುಂಡಗಳನ್ನು ಗೋಡೆಗೆ ಒತ್ತದೆ ಕಟ್ಟೆಯ ಮೇಲೆ ಬಿಡಿಬಿಡಿಯಾಗಿಡಿ. ಕಟ್ಟಿಗೆ, ಕಲ್ಲಿನ ರಾಶಿ ಅಂಗಳದಿಂದ ದೂರವಿರಲಿ. ರಾತ್ರಿ ಗಿಡಗಳ ಬಳಿ ಹೋಗುವಾಗ ಕೈಯಲ್ಲಿ ಟಾರ್ಚ್ ಇರಲಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಯಾವುದೋ ಎಲೆ ಅರೆದು ಹಚ್ಚುವುದು ಬೇಡ. ಕಚ್ಚಿದ ಅಂಗ ಅಲುಗಾಡಿಸದೆ, 108ಕ್ಕೆ ಕರೆ ಮಾಡಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ.